ಫೋನಿನಲ್ಲಿ 25 ಕುದುರೆ ಓಡಿಸುವ ಅಭ್ಯಾಸ | ಮೈಸೂರು ವ್ಲಾಗ್

ನಮಸ್ಕಾರ. ನಾಳೆ ಬೆಳಿಗ್ಗೆ 11 ಗಂಟೆಗೆ ನನಗೊಂದು ದೂರವಾಣಿ ಸಂದರ್ಶನವಿದೆ. ಮೊದಲು ಕೆಲಸಕ್ಕೆ ಸಂಬಂಧಿಸಿದ ಪ್ರಶ್ನೆಗಳು, ಆಮೇಲೆ ಆಪ್ಟಿಟ್ಯೂಡ್ ಒಗಟುಗಳು ಎಂದು ಇಮೇಲ್‌ನಲ್ಲಿ ತಿಳಿಸಿದ್ದಾರೆ. ಮೇಜಿನ ಮೇಲೆ ಹರಡಿರುವ ಹಾಳೆಗಳನ್ನು ನೋಡಿ ನನ್ನ ತಯಾರಿ ಮುಗಿಯಿತೆಂದು ಯಾರೂ ತಿಳಿಯಬೇಕಾಗಿಲ್ಲ, ಏಕೆಂದರೆ ಫೋನಿನ ಆಚೆ ಕುಳಿತವರಿಗೆ ಇವುಗಳಲ್ಲಿ ಒಂದು ಹಾಳೆಯೂ ಕಾಣುವುದಿಲ್ಲ. ಎದುರುಬದುರು ಕುಳಿತಾಗ ಚಿತ್ರ ಬರೆದು, ಬೆರಳಿಟ್ಟು ತೋರಿಸಿ, ತಡವರಿಸಿದ ಕಡೆ ಒಂದು ನಗೆ ನಕ್ಕು ಮುಂದೆ ಸಾಗಬಹುದು. ಫೋನಿನಲ್ಲಿ ಬಾಯಿಂದ ಹೊರಬಂದದ್ದಷ್ಟೇ ಲೆಕ್ಕಕ್ಕೆ ಸೇರುತ್ತದೆ. ಆದ್ದರಿಂದ ಒಗಟನ್ನು ಬಿಡಿಸುವುದಕ್ಕಿಂತ, ಬಿಡಿಸುತ್ತಿರುವಾಗಲೇ ಅದನ್ನು ಹೇಳುತ್ತ ಹೋಗುವುದನ್ನು ನಾನು ಹೆಚ್ಚು ಅಭ್ಯಾಸ ಮಾಡುತ್ತಿದ್ದೇನೆ.

ಈಗ ಕಾಣುತ್ತಿರುವುದು ನಮ್ಮ ದೊಡ್ಡ ಗಡಿಯಾರ. ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯ ಬೆಳ್ಳಿಹಬ್ಬದ ನೆನಪಿಗೆ 1927ರಲ್ಲಿ ಕಟ್ಟಿದ ಈ ಗೋಪುರದ ಗಡಿಯಾರದಲ್ಲಿ ಅಂಕಿಗಳು ಕನ್ನಡದಲ್ಲಿವೆ. ದೇವರಾಜ ಮಾರುಕಟ್ಟೆಯಿಂದ ಹೂವು ತರಲು ಅಮ್ಮ ಕಳುಹಿಸಿದಾಗ ಇದನ್ನು ಚಿತ್ರೀಕರಿಸಿಕೊಂಡೆ, ಏಕೆಂದರೆ 3 ಗಂಟೆ 15 ನಿಮಿಷವಾದಾಗ ಎರಡು ಮುಳ್ಳುಗಳ ನಡುವೆ ಎಷ್ಟು ಕೋನವಿರುತ್ತದೆ ಎಂಬ ಪ್ರಶ್ನೆ ಬಾರದ ಆಪ್ಟಿಟ್ಯೂಡ್ ಪುಸ್ತಕವೇ ಇಲ್ಲ. ಎರಡೂ ಮುಳ್ಳುಗಳು ಮೂರರ ಮೇಲಿವೆ, ಕೋನ ಸೊನ್ನೆ ಎಂದು ಹೇಳಿಸುವುದಕ್ಕಾಗಿಯೇ ಈ ಪ್ರಶ್ನೆಯನ್ನು ಹೆಣೆದಿದ್ದಾರೆ. ಗಂಟೆಯ ಮುಳ್ಳು ನಿಮಿಷಕ್ಕೆ ಅರ್ಧ ಡಿಗ್ರಿ ಸರಿಯುತ್ತದೆ. ಹದಿನೈದು ನಿಮಿಷದಲ್ಲಿ ಅದು ಮೂರನ್ನು ದಾಟಿ ಏಳೂವರೆ ಡಿಗ್ರಿ ಮುಂದೆ ಹೋಗಿರುತ್ತದೆ, ಉತ್ತರವೂ ಅಷ್ಟೇ. ಆದರೆ ಫೋನಿನಲ್ಲಿ ಏಳೂವರೆ ಎಂದಷ್ಟೇ ಹೇಳಿ ಸುಮ್ಮನಾದರೆ, ಎಲ್ಲೋ ಓದಿಕೊಂಡು ಒಪ್ಪಿಸಿದಂತೆ ಕೇಳಿಸುತ್ತದೆ. ನಿಮಿಷದ ಮುಳ್ಳು 90 ಡಿಗ್ರಿಯಲ್ಲಿದೆ, ಗಂಟೆಯ ಮುಳ್ಳು 97.5ರಲ್ಲಿದೆ, ಆದ್ದರಿಂದ ವ್ಯತ್ಯಾಸ ಇಷ್ಟು ಎಂದು ಮೆಟ್ಟಿಲು ಮೆಟ್ಟಿಲಾಗಿ ಹೇಳಬೇಕು.

ಇನ್ನು ಕುದುರೆಗಳ ಒಗಟು. 25 ಕುದುರೆಗಳಿವೆ, ಒಂದು ಓಟದಲ್ಲಿ ಐದು ಮಾತ್ರ ಓಡಬಹುದು, ಸಮಯ ಅಳೆಯಲು ಗಡಿಯಾರವಿಲ್ಲ. ಅತಿ ವೇಗದ ಮೂರನ್ನು ಕಡಿಮೆಯೆಂದರೆ ಎಷ್ಟು ಓಟಗಳಲ್ಲಿ ಗುರುತಿಸಬಹುದು? ಚಾಮುಂಡಿ ಬೆಟ್ಟದ ಬುಡದಲ್ಲಿ ರೇಸ್ ಕೋರ್ಸ್ ಇಟ್ಟುಕೊಂಡ ಊರಿನವಳಾದರೂ, ಗಡಿಯಾರವಿಲ್ಲದೆ ಕುದುರೆ ಓಡಿಸುವ ಪೆದ್ದರು ಯಾರು ಎಂಬುದು ಮೊದಲ ಸಲ ಓದಿದಾಗ ನನಗೆ ಬಂದ ಅನುಮಾನ. ನೀವೀಗ ನೋಡುತ್ತಿರುವುದು ಕೆಳಗಿನ ಕೋಣೆಯಿಂದ ನನಗೆ ಕರೆ ಮಾಡಿ ಸಂದರ್ಶಕನ ಪಾತ್ರ ವಹಿಸುತ್ತಿರುವ ನನ್ನ ತಮ್ಮನನ್ನು. ನಾನು ಉತ್ತರ ಹೇಳಿ ಮುಗಿಸಿದ ಮೇಲೆ ಅವನು ಹೇಳಿದ್ದಿಷ್ಟು: "ಅಕ್ಕ, ನೀನು ಇದು, ಅದು, ಆ ಕಡೇದು ಅಂತಾನೇ ಇದ್ದೀಯ. ನನಗೆ ಒಂದು ಕುದುರೇನೂ ಕಾಣಿಸ್ಲಿಲ್ಲ."

ಗುಂಪುಗಳಿಗೆ ಎ, ಬಿ, ಸಿ, ಡಿ, ಇ ಎಂದು ಹೆಸರಿಟ್ಟರೂ ಪ್ರಯೋಜನವಾಗಲಿಲ್ಲ. ಫೋನಿನಲ್ಲಿ ಬಿ, ಡಿ, ಇ ಮೂರೂ ಒಂದೇ ಆಗಿ ಕೇಳಿಸುತ್ತವೆ. ಆದ್ದರಿಂದ ಐದು ಗುಂಪುಗಳಿಗೆ ಊರುಗಳ ಹೆಸರು ಕೊಟ್ಟೆ. ಮೊದಲು ಒಂದೊಂದು ಗುಂಪಿಗೆ ಒಂದರಂತೆ ಐದು ಓಟ, ಆರನೆಯದು ಗೆದ್ದವರ ಓಟ. ಅದರಲ್ಲಿ ಮೈಸೂರು ಮೊದಲು, ಮಂಡ್ಯ ಎರಡನೆಯದು, ಹಾಸನ ಮೂರನೆಯದು ಬಂದಿತೆಂದು ಇಟ್ಟುಕೊಳ್ಳೋಣ. ಮೈಸೂರಿನ ಮೊದಲ ಕುದುರೆಯೇ ಎಲ್ಲಕ್ಕಿಂತ ವೇಗದ್ದು ಎಂಬುದು ಆಗಲೇ ತೀರ್ಮಾನವಾಗುತ್ತದೆ. ಕೊಡಗು ಮತ್ತು ಚಾಮರಾಜನಗರ ಗುಂಪುಗಳು ಪೂರ್ತಿಯಾಗಿ ಹೊರಗೆ. ಹಾಸನದಲ್ಲಿ ಗೆದ್ದ ಕುದುರೆಯೊಂದಕ್ಕೇ ಮೂರನೆಯ ಸ್ಥಾನದ ಆಸೆ ಉಳಿಯುತ್ತದೆ. ಮಂಡ್ಯದ ಮೊದಲೆರಡು, ಮೈಸೂರಿನ ಎರಡನೆಯದು ಮತ್ತು ಮೂರನೆಯದು ಸೇರಿದರೆ ಒಟ್ಟು ಐದಾಯಿತು. ಅವುಗಳಿಗೆ ಏಳನೆಯ ಓಟ. ಅದರಲ್ಲಿ ಮುಂದೆ ಬಂದ ಎರಡಕ್ಕೆ ಒಟ್ಟಾರೆಯ ಎರಡನೆಯ ಮತ್ತು ಮೂರನೆಯ ಸ್ಥಾನ. ತಮ್ಮನಿಗೆ ಇದು ಒಂದೇ ಸಲಕ್ಕೆ ಅರ್ಥವಾಯಿತು. ಆದರೆ ಸಂದರ್ಶನ ಇಂಗ್ಲಿಷಿನಲ್ಲಿ ನಡೆಯುವುದರಿಂದ, ಮಾತನಾಡುವವರು ನಮ್ಮ ಕಡೆಯವರೇ ಆಗಿರುತ್ತಾರೆಂಬ ಭರವಸೆಯಿಲ್ಲದ ಕಾರಣ, ನಾಳೆ ಊರುಗಳ ಬದಲು ಬಣ್ಣಗಳ ಹೆಸರನ್ನು ಬಳಸುತ್ತೇನೆ.

ಕುದುರೆಯ ಮಾತು ಬಂದಾಗ ಇನ್ನೊಂದು ಕುದುರೆಯನ್ನು ಬಿಡಲು ಮನಸ್ಸಾಗುತ್ತಿಲ್ಲ. ಚದುರಂಗದ ಕುದುರೆಯನ್ನು 64 ಮನೆಗಳಲ್ಲೂ ಒಂದೊಂದೇ ಸಲ ಕಾಲಿಡುವಂತೆ ನಡೆಸುವ ಸಮಸ್ಯೆಗೆ ನಮ್ಮ ಮುಮ್ಮಡಿ ಕೃಷ್ಣರಾಜ ಒಡೆಯರು ಬಿಡಿಸಿದ ಒಂದು ಉತ್ತರದಲ್ಲಿ, ನಡೆಗಳ ಸಂಖ್ಯೆಗಳನ್ನು ಅಡ್ಡಕ್ಕೆ ಕೂಡಿದರೂ ಉದ್ದಕ್ಕೆ ಕೂಡಿದರೂ 260 ಬರುತ್ತದೆ. ಅಂಥದ್ದನ್ನು ಫೋನಿನಲ್ಲಿ ವಿವರಿಸಿ ಎಂದು ಯಾರೂ ನನ್ನನ್ನು ಕೇಳದಿರಲಿ. ಈ ದೃಶ್ಯ ಮುಗಿಯುತ್ತ ಬಂದಿದೆ, ಮುಂದಕ್ಕೆ ಹೋಗೋಣ.

ಈಗ ನನ್ನ ನಿಜವಾದ ಸಂಕಟ. ಕುವೆಂಪುನಗರದ ನಮ್ಮ ಮನೆಯಲ್ಲಿ ಸಿಗ್ನಲ್ ಇರುವ ಕಡೆ ನಿಶ್ಶಬ್ದವಿಲ್ಲ, ನಿಶ್ಶಬ್ದವಿರುವ ಕಡೆ ಸಿಗ್ನಲ್ ಇಲ್ಲ. ಮಹಡಿಯ ಮೇಲೆ ನೀರಿನ ಟ್ಯಾಂಕಿನ ಪಕ್ಕದಲ್ಲಿ ನಿಂತರೆ ಧ್ವನಿ ಸ್ಪಷ್ಟವಾಗಿ ಕೇಳುತ್ತದೆ, ಆದರೆ ಪಕ್ಕದ ನಿವೇಶನದಲ್ಲಿ ಬೆಳಗಿನಿಂದ ಟೈಲ್ಸ್ ಕತ್ತರಿಸುವ ಯಂತ್ರ ಕಿರುಚುತ್ತಿರುತ್ತದೆ. ಈ ನಿರೂಪಣೆಯಲ್ಲೂ ನಡುನಡುವೆ ಅದು ಕೇಳಿಸಬಹುದು. ಒಳಕೋಣೆಯಲ್ಲಿ ವೈಫೈ ಮೂಲಕ ಕರೆ ಸ್ವೀಕರಿಸಬಹುದು, ಆದರೆ ಕರೆಂಟು ಹೋದರೆ ರೂಟರ್ ಆರಿ ಕರೆಯೂ ಕಡಿದುಹೋಗುತ್ತದೆ. ಆದ್ದರಿಂದ ರೂಟರಿಗೆ ಜೋಡಿಸುವ ಪುಟ್ಟ ಯುಪಿಎಸ್ ತರಲು ಹೊರಟೆ. ಮೊದಲ ಅಂಗಡಿಯವರು 2,200 ರೂಪಾಯಿ ಎಂದರು. ಎರಡನೆಯ ಅಂಗಡಿಯಲ್ಲಿ 1,500 ಎಂದಾಗ ಸಂತೋಷಪಟ್ಟು ಹಣ ಕೊಡಲು ಹೊರಟರೆ, ವೈರು ಪ್ರತ್ಯೇಕ, ಅದಕ್ಕೆ 150 ಎಂದರು. ನಮ್ಮ ರೂಟರಿಗೆ 12 ವೋಲ್ಟ್ ಬೇಕು, ಇದು 9 ವೋಲ್ಟಿನದಲ್ಲವೇ ಎಂದು ಕೇಳಿದ್ದಕ್ಕೆ, ಪೆಟ್ಟಿಗೆಯ ಮೇಲೆ ಬರೆದದ್ದನ್ನು ನೋಡದೆಯೇ, "ಎಲ್ಲಾ ಒಂದೇ ಮೇಡಂ, ಹಾಕಿ ನೋಡಿ" ಎಂಬ ಉತ್ತರ ಬಂತು. ಹಾಕಿ ನೋಡಿದ ಮೇಲೆ ವಾಪಸ್ ತೆಗೆದುಕೊಳ್ಳುವಿರಾ ಎಂದರೆ, ಪೆಟ್ಟಿಗೆ ತೆರೆದರೆ ವಾಪಸ್ ಇಲ್ಲವಂತೆ. ತೆರೆಯದೆ ಹಾಕಿ ನೋಡುವುದು ಹೇಗೆ? ನಾಳೆ ಸಂದರ್ಶನದಲ್ಲಿ ಕೇಳಬಹುದಾದ ಯಾವ ಒಗಟೂ ಇದಕ್ಕಿಂತ ಕಠಿಣವಾಗಿರಲಾರದು. ಕೊನೆಗೆ ಮೂರನೆಯ ಅಂಗಡಿಯಲ್ಲಿ 12 ವೋಲ್ಟಿನದು, ವೈರು ಸೇರಿ, 1,750ಕ್ಕೆ ಸಿಕ್ಕಿತು. ಗೋಕುಲಂನಲ್ಲಿರುವ ದೊಡ್ಡಮ್ಮನ ಮನೆಯಲ್ಲಿ ಸಿಗ್ನಲ್ ಚೆನ್ನಾಗಿದೆಯಲ್ಲ, ಅಲ್ಲಿಗೇ ಹೋಗಬಾರದೇ ಎಂದು ಅಮ್ಮ ಕೇಳಿದರು. ದೊಡ್ಡಮ್ಮ ಬಹಳ ಒಳ್ಳೆಯವರು, ಆದರೆ ಏಳನೆಯ ಓಟ ನಡೆಯುತ್ತಿರುವಾಗ ಉಪ್ಪಿಟ್ಟಿನ ತಟ್ಟೆ ಹಿಡಿದು ಒಳಗೆ ಬರದೆ ಇರುವವರಲ್ಲ.

ಇಷ್ಟೆಲ್ಲ ಪಾಡುಪಡುವಾಗ, ಇಂಥ ಒಗಟುಗಳಿಂದ ಯಾರಿಗೇನು ಲಾಭ ಎಂದು ಸಿಟ್ಟು ಬರುವುದು ಸಹಜ. ಗೂಗಲ್‌ನಲ್ಲಿ ನೇಮಕಾತಿಯ ಹೊಣೆ ಹೊತ್ತಿದ್ದ ಲಾಸ್ಲೊ ಬಾಕ್ ಅವರೇ 2013ರಲ್ಲಿ, ತಲೆತಿನ್ನುವ ಒಗಟುಗಳು ಸಮಯದ ವ್ಯರ್ಥ, ಅಭ್ಯರ್ಥಿ ಮುಂದೆ ಹೇಗೆ ಕೆಲಸ ಮಾಡುತ್ತಾನೆಂಬುದನ್ನು ಅವು ಸೂಚಿಸುವುದಿಲ್ಲ ಎಂಬ ಅರ್ಥದ ಮಾತು ಆಡಿದ್ದರು. ಅದನ್ನು ಓದಿದ ದಿನ ನಾನು ಪುಸ್ತಕ ಮುಚ್ಚಿಟ್ಟೆ. ಆದರೆ ಹಗ್ಗದ ಒಗಟು ಬಂದ ಮೇಲೆ ಮತ್ತೆ ತೆರೆದೆ. ಎರಡು ಹಗ್ಗಗಳಿವೆ, ಒಂದೊಂದೂ ಪೂರ್ತಿ ಉರಿಯಲು 60 ನಿಮಿಷ ಬೇಕು, ಆದರೆ ಒಂದೇ ಸಮನೆ ಉರಿಯುವುದಿಲ್ಲ. 45 ನಿಮಿಷ ಅಳೆಯಬೇಕು. ಅಮ್ಮ ದೇವರ ಮನೆಯಿಂದಲೇ, "ಊದುಬತ್ತಿ ಆದ್ರೆ ಮುಕ್ಕಾಲು ಭಾಗಕ್ಕೆ ಗುರುತು ಹಾಕ್ಬಹುದಲ್ಲ" ಎಂದರು. ಊದುಬತ್ತಿ ಒಂದೇ ಸಮನೆ ಉರಿಯುವುದರಿಂದ ಅವರ ಮಾತು ಸರಿಯೇ. ಹಗ್ಗಕ್ಕೆ ಆ ಗುಣವಿಲ್ಲ ಎಂಬುದೇ ಈ ಒಗಟಿನ ಗಂಟು. ಮೊದಲ ಹಗ್ಗಕ್ಕೆ ಎರಡೂ ತುದಿಗಳಲ್ಲಿ, ಎರಡನೆಯದಕ್ಕೆ ಒಂದು ತುದಿಯಲ್ಲಿ ಒಟ್ಟಿಗೆ ಬೆಂಕಿ ಹಚ್ಚಬೇಕು. ಮೊದಲನೆಯದು 30 ನಿಮಿಷಕ್ಕೆ ಮುಗಿದ ಕ್ಷಣವೇ ಎರಡನೆಯದರ ಇನ್ನೊಂದು ತುದಿಗೂ ಹಚ್ಚಿದರೆ, ಉಳಿದದ್ದು ಇನ್ನು 15 ನಿಮಿಷದಲ್ಲಿ ಉರಿದುಹೋಗುತ್ತದೆ. ಚಿತ್ರವಿಲ್ಲದೆ ಹೇಳಬಹುದಾದ ಒಗಟು ಇದು, ಫೋನಿಗೆ ಹೇಳಿ ಮಾಡಿಸಿದಂತಿದೆ. ಬಾಕ್ ಅವರ ಮಾತನ್ನು ನಾನು ಪೂರ್ತಿಯಾಗಿ ಅಲ್ಲಗಳೆಯುವುದಿಲ್ಲ. ನಾಳೆ ಕೆಲಸ ಸಿಗದಿದ್ದರೆ ಪೂರ್ತಿಯಾಗಿ ಒಪ್ಪುತ್ತೇನೆ.

ಉಳಿದ ಸಿದ್ಧತೆಗಳನ್ನು ಬೇಗ ಹೇಳಿಬಿಡುತ್ತೇನೆ. ಅಪರಿಚಿತ ಸಂಖ್ಯೆಗಳ ಕರೆಗಳನ್ನು ತಡೆಯುವ ಸೆಟ್ಟಿಂಗನ್ನು ನಾಳೆಯ ಮಟ್ಟಿಗೆ ತೆಗೆದಿಟ್ಟಿದ್ದೇನೆ, ಏಕೆಂದರೆ ಸಂದರ್ಶಕರೂ ನನ್ನ ಫೋನಿನ ಪಾಲಿಗೆ ಅಪರಿಚಿತರೇ. ಇದರಿಂದಾಗಿ ಈ ಸಂಜೆಯಿಂದ ಸಾಲ ಬೇಕೇ ಎಂದು ಕೇಳುವವರೆಲ್ಲ ಒಳಗೆ ನುಗ್ಗುತ್ತಿದ್ದಾರೆ. ಪ್ರಶ್ನೆಯಲ್ಲಿ ಸಂಖ್ಯೆ ಬಂದಾಗಲೆಲ್ಲ ತಿರುಗಿ ಹೇಳಿ ಖಚಿತಪಡಿಸಿಕೊಳ್ಳುತ್ತೇನೆ, ಫೋನಿನಲ್ಲಿ ಫಿಫ್ಟೀನ್ ಮತ್ತು ಫಿಫ್ಟಿ ನಡುವೆ ವ್ಯತ್ಯಾಸ ತಿಳಿಯುವುದು ಕಷ್ಟ. ಯೋಚಿಸಲು ಸಮಯ ಬೇಕಾದರೆ ಒಂದು ನಿಮಿಷ ಕೊಡಿ ಎಂದು ಬಾಯಿಬಿಟ್ಟು ಕೇಳುತ್ತೇನೆ. ಸುಮ್ಮನೆ ಕುಳಿತರೆ ಕರೆ ಕಡಿದುಹೋಯಿತೆಂದು ಅವರು ಹಲೋ ಹಲೋ ಎನ್ನಲು ಶುರುಮಾಡುತ್ತಾರೆ, ಆಗ ಹಿಡಿದಿದ್ದ ಎಳೆಯೂ ತಪ್ಪುತ್ತದೆ. ಕಾಲಿಂಗ್ ಬೆಲ್ ಯಾರೂ ಒತ್ತದಂತೆ ತಮ್ಮ ಗೇಟಿನ ಬಳಿ ಕೂರುತ್ತಾನಂತೆ. ಅದಕ್ಕೆ ಪ್ರತಿಯಾಗಿ ಅವನು ಕೇಳಿರುವ ಮಸಾಲೆ ದೋಸೆ ನ್ಯಾಯವಾದ ಬೇಡಿಕೆಯೇ.

ಸಂದರ್ಶನವನ್ನು ರೆಕಾರ್ಡ್ ಮಾಡಿ ತೋರಿಸಿ ಎಂದು ದಯವಿಟ್ಟು ಕೇಳಬೇಡಿ. ಅವರ ಅನುಮತಿಯಿಲ್ಲದೆ ಅದು ಸರಿಯಲ್ಲ, ಅನುಮತಿ ಕೇಳುವ ಧೈರ್ಯವೂ ನನಗಿಲ್ಲ. ಏನೇನು ಕೇಳಿದರೆಂಬುದನ್ನೂ ಹೊರಗೆ ಹೇಳಬಾರದೆಂದು ಇಮೇಲ್‌ನಲ್ಲಿದೆ, ಆದ್ದರಿಂದ ಮುಂದಿನ ವೀಡಿಯೊ ಬೇರೆ ವಿಷಯದ್ದಾಗಿರುತ್ತದೆ. ತಮ್ಮ ಮತ್ತೆ ಕರೆ ಮಾಡುತ್ತಿದ್ದಾನೆ, ಕ್ಯಾಮೆರಾ ನಿಲ್ಲಿಸುತ್ತೇನೆ.