ಫೌಸ್ಟ್ ಕಟ್ಟಿದ ಪಂದ್ಯ

ಕೇಳುಗರೆಲ್ಲರಿಗೂ ನಮಸ್ಕಾರ. ಫೌಸ್ಟ್ ಎಂಬ ಹೆಸರೆತ್ತಿದರೆ ಸಾಕು, ‘ಸೈತಾನನಿಗೆ ಆತ್ಮವನ್ನು ಮಾರಿಕೊಂಡ ಪಂಡಿತನಲ್ಲವೇ?’ ಎನ್ನುವವರೇ ಹೆಚ್ಚು. ದಯವಿಟ್ಟು ಆ ಮಾತನ್ನು ಇಂದಿಗೆ ಬಿಟ್ಟುಬಿಡಿ. ಜರ್ಮನ್ ಕವಿ ಗಯಟೆಯ ನಾಟಕದಲ್ಲಿ ಫೌಸ್ಟ್ ಏನನ್ನೂ ಮಾರುವುದಿಲ್ಲ. ಅವನು ಪಂದ್ಯ ಕಟ್ಟುತ್ತಾನೆ.

ಮಾರಾಟದ ಕಥೆ ಅದಕ್ಕಿಂತ ಹಳೆಯದು. 1587ರಲ್ಲಿ ಫ್ರಾಂಕ್‌ಫರ್ಟಿನಲ್ಲಿ ಅಚ್ಚಾದ ಪುಸ್ತಕದಲ್ಲಿ ಡಾಕ್ಟರ್ ಫೌಸ್ಟ್ 24 ವರ್ಷಗಳ ಗಡುವಿಗೆ ರಕ್ತದಲ್ಲಿ ಕರಾರು ಬರೆದುಕೊಡುತ್ತಾನೆ, ಗಡುವು ತೀರಿದ ರಾತ್ರಿ ಘೋರವಾಗಿ ಸಾಯುತ್ತಾನೆ. ಗಯಟೆ ಆ ಗಡುವನ್ನೇ ತೆಗೆದುಹಾಕಿದ. ಅವನ ಫೌಸ್ಟ್ ತತ್ತ್ವಶಾಸ್ತ್ರ, ನ್ಯಾಯಶಾಸ್ತ್ರ, ವೈದ್ಯ, ದೇವತಾಶಾಸ್ತ್ರ ಎಲ್ಲವನ್ನೂ ಅರೆದು ಕುಡಿದರೂ ಏನೂ ತಿಳಿಯಲಿಲ್ಲವೆಂದು ಬೇಸತ್ತು, ವಿಷದ ಬಟ್ಟಲನ್ನು ತುಟಿಯವರೆಗೆ ತಂದು, ಈಸ್ಟರ್ ಹಬ್ಬದ ಗಂಟೆಗಳು ಕಿವಿಗೆ ಬಿದ್ದಾಗ ಕೈ ಇಳಿಸಿದವನು. ‘ನಿಲ್ಲು, ನೀನು ಎಷ್ಟು ಚೆಲುವಾಗಿದ್ದೀಯೆ’ ಎಂದು ಯಾವುದಾದರೂ ಒಂದು ಕ್ಷಣಕ್ಕೆ ತಾನು ಹೇಳಿದರೆ ಅಂದೇ ತನ್ನನ್ನು ಕಟ್ಟಿ ಒಯ್ಯಬಹುದು ಎಂದು ಅವನು ಮೆಫಿಸ್ಟೊಫಿಲೀಸನಿಗೆ, ಅಂದರೆ ಈ ನಾಟಕದ ಸೈತಾನನಿಗೆ, ಸವಾಲು ಹಾಕುತ್ತಾನೆ. ತೃಪ್ತನಾದರೆ ಸೋತಂತೆ, ಪಂದ್ಯ ಇಷ್ಟೇ.

ಪಂದ್ಯ ಕಟ್ಟಿದವರು ಇಬ್ಬರು, ಆದರೆ ಮೊದಲ ಭಾಗದಲ್ಲಿ ಎಲ್ಲವನ್ನೂ ಕಳೆದುಕೊಳ್ಳುವವಳು ಆ ಆಟದ ಸುಳಿವೇ ಇಲ್ಲದ ಮಾರ್ಗರೆಟ್. ಫೌಸ್ಟ್ ಒಲಿಸಿಕೊಂಡು ಬಸಿರು ಮಾಡಿದ ಹುಡುಗಿ, ಹೆತ್ತ ಕೂಸನ್ನು ಕೊಂದು ಸೆರೆಮನೆ ಸೇರುವವಳು. ಅವಳ ಹಿಂದೆ ನಿಜವಾಗಿ ಬದುಕಿದ್ದ ಒಬ್ಬಳಿದ್ದಾಳೆ. ಅವಳ ವಿಷಯವನ್ನು ಹೇಳದೆ ಮುಂದೆ ಹೋಗಲು ನನಗೆ ಮನಸ್ಸು ಬರುವುದಿಲ್ಲ. 1771ರ ಆಗಸ್ಟಿನಲ್ಲಿ ಗಯಟೆ ಸ್ಟ್ರಾಸ್‌ಬರ್ಗಿನಲ್ಲಿ ಕಾನೂನು ಓದಿ ಫ್ರಾಂಕ್‌ಫರ್ಟಿಗೆ ಮರಳಿದ. ಅದೇ ತಿಂಗಳಲ್ಲಿ, ಆ ಊರಿನ ವಸತಿಗೃಹವೊಂದರಲ್ಲಿ ಕೆಲಸಕ್ಕಿದ್ದ ಸುಸಾನ ಮಾರ್ಗರೆಟಾ ಬ್ರಾಂಟ್ ಎಂಬ ಯುವತಿ, ಬಟ್ಟೆ ಒಗೆಯುವ ಕೋಣೆಯಲ್ಲಿ ಯಾರಿಗೂ ತಿಳಿಯದಂತೆ ಹೆತ್ತ ಕೂಸನ್ನು ಕೊಂದ ಆರೋಪಕ್ಕೆ ಒಳಗಾಗಿ ಸೆರೆಯಾದಳು. ಬಸಿರು ಮಾಡಿದವನು ದಾರಿಹೋಕ; ಅಷ್ಟರಲ್ಲಿ ಎಲ್ಲಿಗೋ ಹೋಗಿಬಿಟ್ಟಿದ್ದ. ಸೈತಾನನೇ ತನ್ನ ಬುದ್ಧಿಗೆ ಮಂಕು ಕವಿಸಿದನೆಂದು ಅವಳು ವಿಚಾರಣೆಯಲ್ಲಿ ಹೇಳಿದಳು. 1772ರ ಜನವರಿ 14ರಂದು ಊರಿನ ಮುಖ್ಯ ಕಾವಲುಠಾಣೆಯ ಬಳಿ, ಗಯಟೆಯ ಮನೆಯಿಂದ ಕೆಲವೇ ನಿಮಿಷಗಳ ನಡಿಗೆಯಷ್ಟು ದೂರದಲ್ಲಿ, ಕತ್ತಿಯಿಂದ ಅವಳ ತಲೆ ಕಡಿದರು. ಆ ಮೊಕದ್ದಮೆಯ ಕಾಗದಗಳ ನಕಲು ಗಯಟೆಯ ತಂದೆಯ ಮನೆಯಲ್ಲಿತ್ತು. ನಾಟಕದ ಸೆರೆಮನೆಯ ದೃಶ್ಯವನ್ನು ಓದುವಾಗಲೆಲ್ಲ ನನಗೆ ಕಾಣಿಸುವವಳು ಈಕೆ. ಫೌಸ್ಟ್ ಬೀಗದ ಕೈ ಹಿಡಿದು ಬರುತ್ತಾನೆ, ಸರಪಳಿ ಕಳಚುತ್ತಾನೆ, ಬಾಗಿಲು ತೆರೆದೇ ಇದೆ; ಆದರೂ ಮಾರ್ಗರೆಟ್ ಹೊಸ್ತಿಲು ದಾಟುವುದಿಲ್ಲ.

ಎರಡನೆಯ ಭಾಗಕ್ಕೆ ಇನ್ನು ಹೆಚ್ಚು ಹೊತ್ತು ಉಳಿದಿಲ್ಲ. 1791ರ ಜರ್ಮನ್ ಅನುವಾದದಲ್ಲಿ ಕಾಳಿದಾಸನ ಶಾಕುಂತಲವನ್ನು ಓದಿ ಬೆರಗಾದ ಗಯಟೆ, ಅದರ ಪ್ರಸ್ತಾವನೆಯ ಮಾದರಿಯಲ್ಲೇ ತನ್ನ ನಾಟಕಕ್ಕೂ ರಂಗದ ಪೀಠಿಕೆಯೊಂದನ್ನು ಜೋಡಿಸಿದನೆಂಬುದನ್ನು ಮಾತ್ರ ಹೇಳಿ, ನೇರವಾಗಿ ಕೊನೆಗೆ ಬರುತ್ತೇನೆ. ಮೊದಲ ಭಾಗ 1808ರಲ್ಲಿ ಹೊರಬಂದಿತು. ಎರಡನೆಯದು 1832ರಲ್ಲಿ, ಕವಿ ತೀರಿಕೊಂಡ ಮೇಲೆ. ಅದರಲ್ಲಿ ಫೌಸ್ಟ್ ನೂರು ವರ್ಷದ ಕುರುಡ. ಕಡಲನ್ನು ಹಿಂದೂಡಿ ಜನರಿಗೆ ನೆಲ ಮಾಡಿಕೊಡಲು ಹೊರಟವನು. ಗುದ್ದಲಿಗಳ ಸದ್ದು ಕೇಳಿ, ತನ್ನ ಆಳುಗಳು ಕಾಲುವೆ ತೋಡುತ್ತಿದ್ದಾರೆಂದು ಹಿಗ್ಗುತ್ತಾನೆ. ಅಲ್ಲಿ ತೋಡುತ್ತಿರುವುದು ಅವನದೇ ಗುಂಡಿ. ಆಗ ಅವನ ಬಾಯಿಂದ ಆ ಮಾತು ಬರುತ್ತದೆ. ಆದರೆ ಗಮನವಿಟ್ಟು ಕೇಳಿ: ಸ್ವತಂತ್ರ ನೆಲದಲ್ಲಿ ಸ್ವತಂತ್ರ ಜನರ ನಡುವೆ ನಿಂತಾಗ ಆ ಕ್ಷಣಕ್ಕೆ ‘ನಿಲ್ಲು’ ಎನ್ನಬಹುದು ಎನ್ನುತ್ತಾನೆಯೇ ಹೊರತು, ‘ನಿಲ್ಲು’ ಎಂದುಬಿಡುವುದಿಲ್ಲ. ಪಂದ್ಯ ಕಟ್ಟಿದಾಗ ಫೌಸ್ಟ್ ರಕ್ತದಲ್ಲಿ ಬರೆದುಕೊಟ್ಟಿದ್ದ ಪತ್ರವನ್ನು ಹಿಡಿದು ಮೆಫಿಸ್ಟೊಫಿಲೀಸ್ ಗುಂಡಿಯ ಬಳಿ ಕಾದಿರುತ್ತಾನೆ. ದೇವದೂತರು ಗುಲಾಬಿ ಹೂಗಳನ್ನು ಸುರಿಯುತ್ತ ಬಂದು ಫೌಸ್ಟನ ಆತ್ಮವನ್ನು ಎತ್ತಿಕೊಂಡು ಹೋಗುತ್ತಾರೆ.