ತಾರಸಿ ತೋಟಕ್ಕೆ ಆಟೊಮ್ಯಾಟಿಕ್ ಡ್ರಿಪ್: ಟೈಮರ್ ಕೊಳ್ಳುವ ಮೊದಲು ಟ್ಯಾಂಕ್ ಎತ್ತರ ಅಳೆಯಿರಿ

ನಮಸ್ಕಾರ. ತಾರಸಿ ತೋಟಕ್ಕೆ ಡ್ರಿಪ್ ಹಾಕಿಸಬೇಕು ಅಂತ ಹೊರಟವರು ಮೊದಲು ಕೊಳ್ಳೋದು ಟೈಮರ್. ಅದನ್ನ ಕೊನೆಗೆ ಕೊಳ್ಳಿ. ಮೊದಲು ಬೇಕಾಗಿರೋದು ಒಂದು ಅಳತೆ ಟೇಪು.

[ದೃಶ್ಯ: ತಾರಸಿಯ ಟ್ಯಾಂಕ್, ಪಕ್ಕದಲ್ಲಿ ಕುಂಡಗಳ ಸಾಲು. ಟ್ಯಾಂಕಿನ ನೀರಿನ ಮಟ್ಟದಿಂದ ಕುಂಡದ ಬಾಯಿವರೆಗೆ ಟೇಪು ಹಿಡಿದಿರುವುದು]

ಟ್ಯಾಂಕಿನಲ್ಲಿ ನೀರು ಅರ್ಧ ಇದ್ದಾಗ ಆ ಮಟ್ಟದಿಂದ ಕುಂಡದ ಬಾಯಿಗೆ ಎಷ್ಟು ಎತ್ತರ ಬರುತ್ತೆ ನೋಡಿ. ಸಾಮಾನ್ಯವಾಗಿ ಆರೂವರೆ ಅಡಿ, ಅಂದ್ರೆ 2 ಮೀಟರ್ ಆಸುಪಾಸು. ನೀರು 10 ಮೀಟರ್ ಎತ್ತರದಿಂದ ಇಳಿದರೆ 1 ಬಾರ್ ಒತ್ತಡ. ನಿಮ್ಮ ಹತ್ರ ಇರೋದು 0.2 ಬಾರ್. ಅಂಗಡಿಯವರು ಕೊಡೋ ಡ್ರಿಪ್ಪರ್, ಅಂದ್ರೆ ಕುಂಡಕ್ಕೆ ಹನಿ ಬಿಡೋ ಬಿಡಿಭಾಗದ ಮೇಲೆ ಗಂಟೆಗೆ 4 ಲೀಟರ್ ಅಂತ ಬರೆದಿರುತ್ತಲ್ಲ, ಅದು 1 ಬಾರ್ ಒತ್ತಡದಲ್ಲಿ ಬರೋ ಲೆಕ್ಕ. 0.2 ಬಾರಿನಲ್ಲಿ ಸಾದಾ ಡ್ರಿಪ್ಪರ್ ಗಂಟೆಗೆ ಸುಮಾರು 1.8 ಲೀಟರ್ ಕೊಡುತ್ತೆ, ಅಷ್ಟೇ.

ಈಗ ಟೈಮರ್ ವಿಷಯ. ಆನ್‌ಲೈನಲ್ಲಿ ಸಿಗೋ ಬ್ಯಾಟರಿ ಟೈಮರ್‌ಗಳಲ್ಲಿ ಎರಡು ಜಾತಿ. ಸೊಲೆನಾಯ್ಡ್ ವಾಲ್ವ್ ಇರೋದು, ಮೋಟಾರಿನಿಂದ ತಿರುಗೋ ಬಾಲ್ ವಾಲ್ವ್ ಇರೋದು. ಸೊಲೆನಾಯ್ಡ್ ಒಳಗೊಂದು ರಬ್ಬರ್ ಪೊರೆ ಇರುತ್ತೆ. ಅದನ್ನ ಎತ್ತೋದೂ ನೀರಿನ ಒತ್ತಡವೇ, ಒತ್ತಿ ಮುಚ್ಚೋದೂ ನೀರಿನ ಒತ್ತಡವೇ. ಅರ್ಧ ಬಾರ್ ಹತ್ತಿರ ಒತ್ತಡ ಇಲ್ಲದಿದ್ರೆ ಅದು ತೆರೆಯೋದೇ ಅನುಮಾನ. ತೆರೆದರೂ ಪೂರ್ತಿ ಮುಚ್ಚಿಕೊಳ್ಳಲ್ಲ, ರಾತ್ರಿಯಿಡೀ ಸೋರಿ ಬೆಳಿಗ್ಗೆ ಟ್ಯಾಂಕ್ ಖಾಲಿ. ಟೈಮರ್ ಕೆಟ್ಟಿದೆ ಅಂತ ವಾಪಸ್ ಕಳಿಸಿ ಅದೇ ಜಾತಿಯದನ್ನೇ ಮತ್ತೆ ತರಿಸೋರು ಬೇಕಾದಷ್ಟು ಜನ. ಟ್ಯಾಂಕಿನಿಂದ ಸೀದಾ ನೀರು ಕೊಡೋರಿಗೆ ಬಾಲ್ ವಾಲ್ವ್ ಟೈಮರೇ ಬೇಕು. ಪ್ಯಾಕೆಟ್ ಮೇಲೆ ಕನಿಷ್ಠ ಒತ್ತಡ 0 ಬಾರ್ ಅಂತ ಇದೆಯಾ ಓದಿ ಕೊಳ್ಳಿ.

ಮನೆಯಲ್ಲಿ ಪ್ರೆಷರ್ ಪಂಪ್ ಇದ್ದು ನಲ್ಲಿಯಲ್ಲಿ 2–3 ಬಾರ್ ಬರುತ್ತಿದ್ದರೆ ಕಥೆ ಉಲ್ಟಾ. ಸೊಲೆನಾಯ್ಡ್ ಆಗುತ್ತೆ, ಆದರೆ ಪ್ರೆಷರ್ ರೆಗ್ಯುಲೇಟರ್ ಇಲ್ಲದಿದ್ರೆ ಜಾಯಿಂಟ್‌ಗಳು ಕಿತ್ತುಕೊಂಡು ಬರ್ತವೆ. ಪ್ರೆಷರ್ ಕಾಂಪನ್ಸೇಟಿಂಗ್ ಡ್ರಿಪ್ಪರ್, ಅಂದ್ರೆ ಒತ್ತಡ ಹೆಚ್ಚುಕಮ್ಮಿಯಾದರೂ ಒಂದೇ ಸಮ ನೀರು ಕೊಡೋ ದುಬಾರಿ ಮಾಲು, ಇಂಥವರಿಗೆ ಮಾತ್ರ. ಟ್ಯಾಂಕಿನ ಒತ್ತಡಕ್ಕೆ ಅದು ದಂಡ. ಸಾದಾ 4 ಲೀಟರ್ ಡ್ರಿಪ್ಪರ್ ಸಾಕು.

[ಪರದೆಯಲ್ಲಿ: 40 ಕುಂಡಗಳಿಗೆ ಸಾಮಾನು. 16 ಮಿ.ಮೀ. ಕಪ್ಪು ಪೈಪ್ 25 ಮೀಟರ್, 4 ಮಿ.ಮೀ. ಕಪ್ಪು ಟ್ಯೂಬ್ 25 ಮೀಟರ್, ಡ್ರಿಪ್ಪರ್ 50, ಕನೆಕ್ಟರ್ 50, ಎಲ್ಬೋ, ಟೀ, ಜಾಯಿನರ್, ಎಂಡ್ ಕ್ಯಾಪ್, ಡಮ್ಮಿ, ಪಂಚ್, ಮುಕ್ಕಾಲು ಇಂಚಿನ ಸ್ಕ್ರೀನ್ ಫಿಲ್ಟರ್ 120 ಮೆಶ್, ಟೆಫ್ಲಾನ್ ಟೇಪ್]

ಟ್ಯೂಬ್ ಕಪ್ಪೇ ಇರಲಿ. ಬಿಳಿ ಪಾರದರ್ಶಕ ಟ್ಯೂಬಿಗೆ ಬಿಸಿಲು ಬಿದ್ದರೆ ಒಳಗೆ ಪಾಚಿ ಬೆಳೆಯುತ್ತೆ.

ಜೋಡಣೆಯ ಕ್ರಮ: ಟ್ಯಾಂಕ್, ಗೇಟ್ ವಾಲ್ವ್, ಫಿಲ್ಟರ್, ಟೈಮರ್, ಆಮೇಲೆ 16 ಮಿ.ಮೀ. ಪೈಪ್. ಫಿಲ್ಟರ್ ಮೇಲಿನ ಬಾಣದ ಗುರುತು ನೀರು ಹೋಗೋ ಕಡೆಗೇ ಇರಲಿ. ಫಿಲ್ಟರ್ ಟೈಮರಿಗಿಂತ ಮುಂಚೆ ಬರಬೇಕು, ಯಾಕಂದ್ರೆ ಒಂದು ಮರಳಿನ ಕಣ ವಾಲ್ವ್‌ನಲ್ಲಿ ಸಿಕ್ಕಿಕೊಂಡರೂ ಅದು ಸರಿಯಾಗಿ ಮುಚ್ಚಲ್ಲ.

ಪೈಪ್ ಸುರುಳಿಯನ್ನ ಅರ್ಧ ಗಂಟೆ ಬಿಸಿಲಲ್ಲಿ ಬಿಡಿ, ಸಲೀಸಾಗಿ ನೆಟ್ಟಗಾಗುತ್ತೆ. ತುದಿಯನ್ನ ಬಿಸಿನೀರಲ್ಲಿ ಅದ್ದಿದರೆ ಎಲ್ಬೋ ಒಳಗೆ ಹೋಗುತ್ತೆ. ಎಣ್ಣೆ ಸವರಬೇಡಿ, ಆಮೇಲೆ ಜಾರಿ ಬರುತ್ತೆ. ಪಂಚ್‌ನಿಂದ ತೂತು ಮಾಡೋದು ಪೈಪಿನ ಮೇಲ್ಭಾಗಕ್ಕೆ. ಕೆಳಗೆ ಮಾಡಿದರೆ ಪೈಪಿನ ತಳದ ಕೆಸರೆಲ್ಲ ಡ್ರಿಪ್ಪರಿಗೇ ಇಳಿಯುತ್ತೆ.

[ಹತ್ತಿರದ ದೃಶ್ಯ: ತೂತಿನ ಅಂಚಿನಲ್ಲಿ ನೇತಾಡುತ್ತಿರುವ ಸಣ್ಣ ಪ್ಲಾಸ್ಟಿಕ್ ಚೂರು]

ಈ ಚೂರು ನೋಡಿ. ಒಂದೊಂದು ತೂತಿಗೂ ಇಂಥದ್ದೊಂದು ಪೈಪಿನೊಳಗೆ ಬೀಳಬಹುದು. ಹೊಸ ಡ್ರಿಪ್ ಮೊದಲ ವಾರವೇ ಕಟ್ಟಿಕೊಳ್ಳೋದು ಹೆಚ್ಚಾಗಿ ಇದರಿಂದ. ಅದಕ್ಕೇ ಡ್ರಿಪ್ಪರ್ ಹಾಕೋ ಮೊದಲು, ಎಂಡ್ ಕ್ಯಾಪ್ ತೆಗೆದಿಟ್ಟು, ಎರಡು ಮೂರು ನಿಮಿಷ ನೀರು ಹರಿಯೋಕೆ ಬಿಡಿ.

ಡ್ರಿಪ್ಪರನ್ನ ಗಿಡದ ಬುಡಕ್ಕೆ ತಗುಲಿಸಬೇಡಿ. ಕಾಂಡಕ್ಕೂ ಕುಂಡದ ಅಂಚಿಗೂ ನಡುವೆ ಇರಲಿ. 12 ಇಂಚಿನ ಕುಂಡಕ್ಕೆ ಒಂದು, 18 ಇಂಚಿನ ಗ್ರೋ ಬ್ಯಾಗಿಗೆ ಎರಡು. ಕಳ್ಳಿ, ಲೋಳೆಸರಗಳನ್ನ ಈ ಲೈನಿಗೇ ಸೇರಿಸಬೇಡಿ, ಕೊಳೆತು ಹೋಗ್ತವೆ.

ಈಗ ಎಲ್ಲಕ್ಕಿಂತ ಮುಖ್ಯವಾದ ಪರೀಕ್ಷೆ. ಮೊದಲನೇ, ನಡುವಿನ, ಕೊನೆಯ ಡ್ರಿಪ್ಪರ್ ಕೆಳಗೆ ಒಂದೊಂದು ಬಾಟಲಿ ಇಟ್ಟು 15 ನಿಮಿಷ ಬಿಡಿ. ಬಂದ ನೀರನ್ನ ಅಳೆದು 4ರಿಂದ ಗುಣಿಸಿ. ಗಂಟೆಯ ಲೆಕ್ಕ ಅದೇ. 450 ಮಿ.ಲೀ. ಬಂದರೆ ಗಂಟೆಗೆ 1.8 ಲೀಟರ್. ಮೂರು ಬಾಟಲಿ ಸರಿಸಮ ಇರಲ್ಲ. ಎತ್ತರದ ವ್ಯತ್ಯಾಸ ಇಂಥ ಕಡಿಮೆ ಒತ್ತಡದಲ್ಲಿ ತುಂಬಾ ಎದ್ದು ಕಾಣುತ್ತೆ. 2 ಅಡಿ ಸ್ಟ್ಯಾಂಡ್ ಮೇಲಿರೋ ಕುಂಡಕ್ಕೆ ನೆಲದ ಕುಂಡಕ್ಕಿಂತ ಆರನೇ ಒಂದು ಭಾಗದಷ್ಟು ನೀರು ಕಡಿಮೆ. ಟ್ಯಾಂಕ್ ತುಂಬಿದ್ದಾಗ ಜೋರು, ತಳ ಕಂಡಾಗ ನಿಧಾನ. ಹಾಗಾಗಿ ದಿನಾ ಮೋಟಾರ್ ಹಾಕಿ ಟ್ಯಾಂಕ್ ತುಂಬಿಸಿದ ಮೇಲೆ ಟೈಮರ್ ಓಡೋ ಹಾಗೆ ಸಮಯ ಇಟ್ಟುಕೊಂಡರೆ ದಿನದಿಂದ ದಿನಕ್ಕೆ ಲೆಕ್ಕ ತಪ್ಪಲ್ಲ.

ಮಾರ್ಚ್, ಏಪ್ರಿಲ್ ಬಿಸಿಲಲ್ಲಿ ಕಾಯಿ ಬಿಟ್ಟಿರೋ ಟೊಮೆಟೊ, ಬದನೆಗೆ 12 ಇಂಚಿನ ಕುಂಡದಲ್ಲಿ ದಿನಕ್ಕೆ ಒಂದೂವರೆ ಲೀಟರ್ ಇಟ್ಟುಕೊಂಡು ಶುರು ಮಾಡಿ. ಅಂದ್ರೆ 50 ನಿಮಿಷ. ಅದನ್ನ ಬೆಳಿಗ್ಗೆ 25, ಸಂಜೆ 25 ಅಂತ ಒಡೆಯಿರಿ. ಕೊಕೊಪೀಟ್ ಮಿಶ್ರಣ ಪೂರ್ತಿ ಒಣಗಿದರೆ ನೀರನ್ನ ಹೀರಲ್ಲ, ನೀರು ಕುಂಡದ ಗೋಡೆ ಹಿಡಿದು ಇಳಿದುಹೋಗುತ್ತೆ, ಬೇರು ಒಣಗಿಯೇ ಇರುತ್ತೆ. ತಳದಿಂದ ಧಾರೆ ಹರಿದರೆ ಐದೈದು ನಿಮಿಷ ಇಳಿಸಿ. ಆದರೆ ಬೆರಳು ಎರಡು ಇಂಚು ಇಳಿಸಿ ಮುಟ್ಟಿ ನೋಡಿದ ಮೇಲೆ. ಚಳಿಗಾಲಕ್ಕೆ ಅರ್ಧ ಸಾಕು. ಮಳೆಗಾಲದಲ್ಲಿ ಟೈಮರಿನ ರೇನ್ ಡಿಲೇ ಬಟನ್, ಅಂದ್ರೆ ನೀರು ಬಿಡೋದನ್ನ ಸ್ವಲ್ಪ ಕಾಲ ಮುಂದೂಡೋ ಬಟನ್, ಒತ್ತಿ.

ನಿರ್ವಹಣೆ. ಬೋರ್‌ವೆಲ್ ನೀರಾದರೆ ಫಿಲ್ಟರ್ ಜಾಲರಿಯನ್ನ ವಾರಕ್ಕೊಮ್ಮೆ ತೊಳೆಯಿರಿ. ತಿಂಗಳಿಗೊಮ್ಮೆ ಎಂಡ್ ಕ್ಯಾಪ್ ಬಿಚ್ಚಿ ಕೆಸರು ಹೋಗೋ ತನಕ ನೀರು ಬಿಡಿ. ಗಡಸು ನೀರಿಗೆ ಡ್ರಿಪ್ಪರ್ ಬಾಯಲ್ಲಿ ಬಿಳಿ ಸುಣ್ಣದ ಪದರ ಕಟ್ಟುತ್ತೆ. ಸೂಜಿ ಚುಚ್ಚಿ ಬಿಡಿಸೋಕೆ ಹೋಗಬೇಡಿ, ಒಳದಾರಿ ಹಾಳಾಗಿ ಅಳತೆಯೇ ಕೆಡುತ್ತೆ. ಒಂದು ಲೀಟರ್ ನೀರಿಗೆ ಎರಡು ಚಮಚ ನಿಂಬೆ ಉಪ್ಪು (ಸಿಟ್ರಿಕ್ ಆಸಿಡ್) ಕರಗಿಸಿ, ಡ್ರಿಪ್ಪರ್‌ಗಳನ್ನ ಮೂರ್ನಾಲ್ಕು ಗಂಟೆ ನೆನೆಸಿ, ಚೆನ್ನಾಗಿ ತೊಳೆದು ಹಾಕಿ. ಪಟ್ಟಿಯಲ್ಲಿ 40 ಕುಂಡಕ್ಕೆ 50 ಡ್ರಿಪ್ಪರ್ ಹಾಕಿದ್ದು ಇದಕ್ಕೂ ಸೇರಿ: ಕೆಟ್ಟಿದ್ದನ್ನ ನೆನೆಸಿಟ್ಟು ಬೇರೆಯದನ್ನ ಹಾಕಬಹುದು.

ಜೀವಾಮೃತವನ್ನ ಈ ಪೈಪಿಗೆ ಬಿಡಬೇಡಿ. ಎಷ್ಟು ಸೋಸಿದರೂ ಒಳಗೆ ಲೋಳೆ ಕಟ್ಟುತ್ತೆ. ಅದನ್ನ ಮಗ್ಗಿನಲ್ಲೇ ಹಾಕಿ. ನೀರಲ್ಲಿ ಕರಗೋ 19:19:19 ಗೊಬ್ಬರ (ಸಾರಜನಕ, ರಂಜಕ, ಪೊಟ್ಯಾಷ್ ಸಮ ಇರೋದು) ಕೊಡಬಹುದು, ಕೊಟ್ಟ ಮೇಲೆ ಹತ್ತು ನಿಮಿಷ ಬರೀ ನೀರು ಬಿಡಿ. ಅದರ ಜೊತೆ ಕ್ಯಾಲ್ಸಿಯಂ ನೈಟ್ರೇಟ್ ಬೆರೆಸಿದರೆ ಅದರಲ್ಲಿರೋ ರಂಜಕದ ಜೊತೆ ಸೇರಿ ಗಸಿಯಾಗಿ ಡ್ರಿಪ್ಪರ್ ಕಟ್ಟುತ್ತೆ. ಬೇರೆ ಬೇರೆ ದಿನ ಕೊಡಿ.

ಅಳಿಲು ಪೈಪ್ ಕಚ್ಚಿದರೆ ಅಷ್ಟು ಭಾಗ ಕತ್ತರಿಸಿ ಜಾಯಿನರ್ ಹಾಕಿ. ಬೇಡದ ತೂತಿಗೆ ಡಮ್ಮಿ.

ಬ್ಯಾಟರಿ ಬಗ್ಗೆ ಅಸಡ್ಡೆ ಬೇಡ. ಬಾಲ್ ವಾಲ್ವ್ ತೆರೆದಿರುವಾಗಲೇ ಬ್ಯಾಟರಿ ಸತ್ತರೆ ಅದು ತೆರೆದೇ ಉಳಿಯಬಹುದು. ಆರು ತಿಂಗಳಿಗೊಮ್ಮೆ ಬದಲಾಯಿಸಿ, ಆಲ್ಕಲೈನ್ ಸೆಲ್ಲೇ ಹಾಕಿ. ರೀಚಾರ್ಜ್ ಸೆಲ್ 1.2 ವೋಲ್ಟ್ ಮಾತ್ರ ಕೊಡೋದರಿಂದ ಕೆಲವು ಟೈಮರ್‌ಗಳಿಗೆ ಸಾಲಲ್ಲ.

ಊರಿಗೆ ಹೊರಡೋ ಮುಂಚೆ ನಾಲ್ಕೈದು ದಿನ ಕೈಯಲ್ಲಿ ನೀರು ಹಾಕದೆ ಟೈಮರ್ ಮೇಲೇ ಬಿಟ್ಟು ನೋಡಿ. 40 ಕುಂಡಕ್ಕೆ ಒಂದೂವರೆ ಲೀಟರಿನಂತೆ ದಿನಕ್ಕೆ 60 ಲೀಟರ್. ಒಂದು ಸಾವಿರ ಲೀಟರಿನ ಟ್ಯಾಂಕ್, ಬೇರೆ ಬಳಕೆ ಇಲ್ಲದಿದ್ರೆ, ಎರಡು ವಾರಕ್ಕೆ ಬರುತ್ತೆ. ಕೊನೆಕೊನೆಗೆ ಮಟ್ಟ ಇಳಿದು ಹರಿವು ಕಮ್ಮಿಯಾಗುತ್ತೆ, ಅದಕ್ಕೆ ಐದು ನಿಮಿಷ ಜಾಸ್ತಿ ಇಡಿ. ಹೊರಡುವಾಗ ಟ್ಯಾಂಕಿನ ವಾಲ್ವ್‌ಗಳನ್ನೆಲ್ಲ ಮುಚ್ಚೋ ಅಭ್ಯಾಸ ಮನೆಯಲ್ಲಿ ಯಾರಿಗಾದರೂ ಇದ್ದರೆ, ಡ್ರಿಪ್ಪಿನ ಗೇಟ್ ವಾಲ್ವ್ ಮೇಲೆ ದೊಡ್ಡದಾಗಿ ಒಂದು ಚೀಟಿ ಅಂಟಿಸಿ.