ಎರಡು ಲೋಟ ನೀರು, ಮೂವರು ಪಂಡಿತರು

ಎಲ್ಲರಿಗೂ ನಮಸ್ಕಾರ. ಮಗುವಿನ ಮನಸ್ಸು ಹೇಗೆ ಬೆಳೆಯುತ್ತದೆ ಎಂದು ಹೇಳಿದ ಮೂವರು ಮನಶ್ಶಾಸ್ತ್ರಜ್ಞರನ್ನು ಒಂದು ಸಣ್ಣ ಪ್ರಯೋಗದಿಂದ ಶುರುಮಾಡಿ ನೋಡೋಣ. ಇವತ್ತು ಮನೆಗೆ ಹೋದಮೇಲೆ ಎರಡು ಒಂದೇ ಥರದ ಗಾಜಿನ ಲೋಟ, ಒಂದು ಸಪೂರ ಎತ್ತರದ ಲೋಟ ಹುಡುಕಿಟ್ಟುಕೊಳ್ಳಿ. ಕಾಫಿಯ ಸ್ಟೀಲ್ ಲೋಟ ನಡೆಯುವುದಿಲ್ಲ, ನೀರಿನ ಮಟ್ಟ ಮಗುವಿಗೆ ಕಾಣಬೇಕಲ್ಲ. ಮೊದಲೆರಡಕ್ಕೂ 150 ಮಿಲಿ ನೀರು ಹಾಕಿ, 'ಎರಡೂ ಅಷ್ಟೇ' ಎಂದು ಮಗುವೇ ಒಪ್ಪುವ ತನಕ ಚೂರುಚೂರು ಸರಿಮಾಡಿ. ಅವಸರದಲ್ಲಿ ಈ ಹಂತ ಬಿಟ್ಟರೆ ಮುಂದಿನದೆಲ್ಲ ವ್ಯರ್ಥ. ಆಮೇಲೆ ಮಗುವಿನ ಕಣ್ಣೆದುರೇ ಒಂದನ್ನು ಎತ್ತರದ ಲೋಟಕ್ಕೆ ಸುರಿಯಿರಿ.

ಐದು ವರ್ಷದ ಮಗು ಸಾಮಾನ್ಯವಾಗಿ ಎತ್ತರದ್ದನ್ನೇ ತೋರಿಸಿ 'ಇದ್ರಲ್ಲಿ ಜಾಸ್ತಿ' ಅನ್ನುತ್ತದೆ. ಅಲ್ಲಿಗೆ ನಿಲ್ಲಿಸದೆ 'ಯಾಕೆ?' ಎಂದು ಕೇಳಿ. ಈ ಪ್ರಯೋಗ ರೂಪಿಸಿದ ಸ್ವಿಸ್ ಮನಶ್ಶಾಸ್ತ್ರಜ್ಞ ಜಾನ್ ಪಿಯಾಜೆಗೆ ಬೇಕಿದ್ದದ್ದು ಆ ಕಾರಣವೇ. 'ಮೇಲಕ್ಕೆ ಬಂದಿದೆ' ಎಂದರೆ ಎತ್ತರ ಕಂಡಿದೆ, ಅಗಲ ಕಂಡಿಲ್ಲ. 'ವಾಪಸ್ ಸುರಿದ್ರೆ ಅಷ್ಟೇ ಆಗತ್ತೆ' ಎನ್ನುವ ಮಗು ಮನಸ್ಸಿನಲ್ಲೇ ಹಿಂದಕ್ಕೆ ನಡೆಯಬಲ್ಲದು. ಪಿಯಾಜೆ ಇದಕ್ಕೆ ಇಟ್ಟ ವಯಸ್ಸು ಸುಮಾರು ಏಳು.

ಅವರ ದೊಡ್ಡ ಬಲ ಇದೇ: ಯಾರು ಬೇಕಾದರೂ ಮಾಡಿ ನೋಡಬಹುದು. ದೌರ್ಬಲ್ಯವೂ ಇಲ್ಲೇ ಇದೆ. ಸುರಿಯುವ ಮೊದಲೊಮ್ಮೆ, ಸುರಿದ ಮೇಲೊಮ್ಮೆ ಅದೇ ಪ್ರಶ್ನೆ ಕೇಳುತ್ತೇವೆ. ಮೇಷ್ಟ್ರು ಎರಡನೇ ಸಲ ಕೇಳಿದರೆ ಮೊದಲ ಉತ್ತರ ತಪ್ಪು ಎಂದರ್ಥ, ಇದು ಎಲ್‌ಕೆಜಿ ಮಗುವಿಗೂ ಗೊತ್ತು! ರೋಸ್ ಮತ್ತು ಬ್ಲ್ಯಾಂಕ್ ಎಂಬ ಸಂಶೋಧಕರು 1974ರಲ್ಲಿ ಇಂಥದೇ ಪ್ರಯೋಗದಲ್ಲಿ ಒಂದೇ ಸಲ ಕೇಳಿ ನೋಡಿದರು. ಆರು ವರ್ಷದವರ ತಪ್ಪು ಕಡಿಮೆಯಾಯಿತು. ಕನ್ನಡದಲ್ಲಿ ಇನ್ನೊಂದು ಬಲೆ ಇದೆ. 'ಯಾವುದ್ರಲ್ಲಿ ಜಾಸ್ತಿ?' ಎಂದರೆ ಒಂದರಲ್ಲಿ ಜಾಸ್ತಿ ಇದ್ದೇ ಇದೆ ಎಂದು ನಾವೇ ಹೇಳಿಕೊಟ್ಟಂತೆ. 'ಎರಡ್ರಲ್ಲೂ ಅಷ್ಟೇ ಇದ್ಯಾ, ಒಂದ್ರಲ್ಲಿ ಜಾಸ್ತಿ ಇದ್ಯಾ?' ಎಂದು ಕೇಳಬೇಕು.

ಎರಡನೆಯವರು ಸೋವಿಯತ್ ಮನಶ್ಶಾಸ್ತ್ರಜ್ಞ ಲೆವ್ ವೈಗೋಟ್‌ಸ್ಕಿ. ಅವರು ಹುಟ್ಟಿದ್ದೂ ಪಿಯಾಜೆಯಂತೆ 1896ರಲ್ಲಿ, ಆದರೆ 37ಕ್ಕೇ ತೀರಿಕೊಂಡರು. ಮಗು ಒಂಟಿಯಾಗಿ ಏನು ಮಾಡೀತು ಎನ್ನುವುದಷ್ಟೇ ಅಳತೆಯಲ್ಲ, ನೆರವಿನೊಂದಿಗೆ ಎಲ್ಲಿಗೆ ಮುಟ್ಟೀತು ಎನ್ನುವುದನ್ನೂ ನೋಡಿ ಎಂದವರು. ಬೆಂಗಳೂರಿಗೆ ಇದು ತುಂಬ ಹೊಂದುತ್ತದೆ. ಮನೆಯಲ್ಲಿ ತೆಲುಗು, ಬೀದಿಯಲ್ಲಿ ಕನ್ನಡ, ಶಾಲೆಯಲ್ಲಿ ಇಂಗ್ಲಿಷ್ ಇರುವ ಮಗು ಇಂಗ್ಲಿಷ್ ಪ್ರಶ್ನೆಗೆ ತಡವರಿಸಿ, ಅದನ್ನೇ ತೆಲುಗಿನಲ್ಲಿ ಕೇಳಿದಾಗ ಪಟ್ಟನೆ ಹೇಳಿದರೆ, ಸಿಕ್ಕಿದ್ದು ಮಗುವಿನ ಹಂತವಲ್ಲ, ನಮ್ಮ ಪ್ರಶ್ನೆಯ ಭಾಷೆ. ಆದರೆ ವೈಗೋಟ್‌ಸ್ಕಿ ದಾರಿ ತೋರಿಸಿದರೇ ಹೊರತು ಅಳತೆಗೋಲು ಕೊಡಲಿಲ್ಲ. ಎಷ್ಟು ನೆರವು ಕೊಟ್ಟರೆ ಉತ್ತರ ಮಗುವಿನದು, ಎಷ್ಟಾದರೆ ನಮ್ಮದು? ಅದಕ್ಕೇ ನೆರವಿನ ಮೆಟ್ಟಿಲುಗಳನ್ನು ಮೊದಲೇ ಗೊತ್ತುಮಾಡಿಕೊಳ್ಳಿ: ಸುಮ್ಮನೆ ಕಾಯುವುದು, ಸುಳಿವು ಕೊಡುವುದು, ಅರ್ಧ ಮಾಡಿ ತೋರಿಸುವುದು, ಜೊತೆಗೂಡಿ ಮಾಡುವುದು. ಯಾವ ಮೆಟ್ಟಿಲಲ್ಲಿ ಉತ್ತರ ಬಂತೋ ಅದನ್ನು ಬರೆದಿಡಿ.

ಮೂರನೆಯವರಾದ ಎರಿಕ್ ಎರಿಕ್‌ಸನ್ ವಿಷಯಕ್ಕೆ ಹೆಚ್ಚು ಹೊತ್ತು ಬೇಡ. ಮನಸ್ಸಿನ ಬೆಳವಣಿಗೆಗೆ ಬಾಲ್ಯಕ್ಕೆ ನಿಲ್ಲದೆ ಮುಪ್ಪಿನವರೆಗೆ ಎಂಟು ಹಂತ ಹಾಕಿದ್ದು ಅವರ ಹೆಗ್ಗಳಿಕೆ. ಆದರೆ ಸುಳ್ಳೆಂದು ತೋರಿಸಲು ಲೋಟದಂಥ ಪ್ರಯೋಗ ಅಲ್ಲಿ ಸಿಗುವುದಿಲ್ಲ. ಮೊದಲು 'ನಾನು ಯಾರು', ಆಮೇಲೆ ಸಂಗಾತಿ ಎಂಬ ಅವರ ಕ್ರಮವೂ ಹಿರಿಯರೇ ಜಾತಕ ನೋಡಿ ಮದುವೆ ಮಾಡುವ ಮನೆಗಳಲ್ಲಿ ಹಿಂದುಮುಂದಾದೀತು.

ಲೋಟದ ಪ್ರಯೋಗ ಮಾಡಿದವರು ಮಗು ಆಡಿದ ಮಾತನ್ನು ಹಾಗ್ಹಾಗೇ ಬರೆದುಕೊಳ್ಳಿ, ತಿದ್ದಬೇಡಿ. ಯಾವ ಭಾಷೆಯಲ್ಲಿ ಕೇಳಿದಿರಿ, ಎಷ್ಟು ಸಲ ಕೇಳಿದಿರಿ ಎನ್ನುವುದೂ ಬೇಕು. ವಯಸ್ಸು ಹಾಕುವಾಗ ವರ್ಷದ ಪಕ್ಕ ತಿಂಗಳೂ ಇರಲಿ.